ಗಣೆಯ ಕಥನ, ಗಿಟಾರಿನ ಪದ: ಜನಪದ-ಪಾಪ್ ಗಾಯಕನ ವೃತ್ತಿಜೀವನದ ಒಂದು ಪರಿಶೀಲನೆ

ಜನಪದ ಹಾಡು ವೇದಿಕೆಗೆ ಬಂದಾಗ ಕೆಡುತ್ತದೆಯೋ ಬೆಳೆಯುತ್ತದೆಯೋ ಎಂಬ ಚರ್ಚೆ ಕನ್ನಡ ಜಾನಪದ ಅಧ್ಯಯನದಲ್ಲಿ ಹಳೆಯದು. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಯಾವ ಹಾಡು ವೇದಿಕೆಗೆ ಬರುತ್ತದೆ, ಯಾವುದು ಬರುವುದಿಲ್ಲ? ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಕಾಡುಗೊಲ್ಲರ ಹಾಡಿಕೆಯನ್ನು, ಕನ್ನಡ ಪದಗಳನ್ನು ಗಿಟಾರಿನೊಡನೆ ಹೊರನಾಡಿಗೆ ಕೊಂಡೊಯ್ದ ಗಾಯಕ, ಗೀತಸಂಯೋಜಕ ರಘು ದೀಕ್ಷಿತ್ ಅವರ ವೃತ್ತಿಜೀವನದ ಪಕ್ಕದಲ್ಲಿಟ್ಟು ನೋಡಿದಾಗ ಈ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ಈ ನಾಲ್ಕು ತಾಲ್ಲೂಕುಗಳ ಗೊಲ್ಲರಹಟ್ಟಿಗಳ ಮುಖ್ಯ ಕಥನವೆಂದರೆ ಜುಂಜಪ್ಪನ ಕಾವ್ಯ. ದನಕಾಯುವ ವೀರನಾಗಿ, ಗಣೆಗಾರನಾಗಿ ಬಾಳಿದ ಜುಂಜಪ್ಪ ತನ್ನವರ ಸಂಚಿಗೆ ಸಿಕ್ಕಿ ವಿಷದಿಂದ ಅಳಿದು ದೈವವಾದವನು. ಶಿರಾ ತಾಲ್ಲೂಕಿನ ಕಳುವರಹಳ್ಳಿ ಅವನ ನೆಲೆಗಳಲ್ಲಿ ಪ್ರಸಿದ್ಧವಾದುದು. ಗಣೆಯು ಬಿದಿರಿನಿಂದ ಮಾಡಿದ ಉದ್ದನೆಯ ಸುಷಿರವಾದ್ಯ. ಅದು ಕೇವಲ ಹಿನ್ನೆಲೆಯ ವಾದ್ಯವಲ್ಲ. ಕಥಾನಾಯಕನ ಕೈಯಲ್ಲಿದ್ದ ವಾದ್ಯವೇ ಕಥೆ ಹೇಳುವವನ ಕೈಯಲ್ಲೂ ಇರುತ್ತದೆ. ಆದ್ದರಿಂದ ಅದರ ನಾದ ಭಕ್ತರಿಗೆ ದೈವದ ಸಾನ್ನಿಧ್ಯವೇ ಆಗಿದೆ. ಹಾಡುಗಾರ ತನ್ನ ನೆನಪಿನ ಸೂತ್ರಗಳಿಂದ ಪ್ರತಿಸಲವೂ ಕಥೆಯನ್ನು ಹೊಸದಾಗಿ ಕಟ್ಟುತ್ತಾನೆ. ಆದರೂ ತಾನು ಅದರ ಕರ್ತೃವೆಂದು ಅವನು ಹೇಳಿಕೊಳ್ಳುವುದಿಲ್ಲ. ಕೇಳುವವರೂ ಕರ್ತೃ ಯಾರೆಂದು ವಿಚಾರಿಸುವುದಿಲ್ಲ.

ರಘು ದೀಕ್ಷಿತ್ ಅವರ ಹಾದಿ ಇದಕ್ಕಿಂತ ತೀರ ಭಿನ್ನವಾದುದು. 1974ರಲ್ಲಿ ನಾಸಿಕದಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದ ಅವರು ಭರತನಾಟ್ಯವನ್ನು ಅಭ್ಯಾಸ ಮಾಡಿದರು. ಸೂಕ್ಷ್ಮಜೀವವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಬೆಲ್ಜಿಯಮ್‌ನಲ್ಲಿ ಕೆಲಕಾಲ ಉದ್ಯೋಗದಲ್ಲಿದ್ದು, ಅನಂತರ ಸಂಗೀತವನ್ನೇ ವೃತ್ತಿಯಾಗಿ ಸ್ವೀಕರಿಸಿದರು. ‘ಅಂತರಾಗ್ನಿ’ ತಂಡದ ಅನುಭವದ ಬಳಿಕ ‘ರಘು ದೀಕ್ಷಿತ್ ಪ್ರಾಜೆಕ್ಟ್’ ರೂಪುಗೊಂಡಿತು. ಅದರ ಮೊದಲ ಧ್ವನಿಸುರುಳಿ 2008ರಲ್ಲಿ ಬಂದಿತು. ಅದೇ ವರ್ಷ ‘ಸೈಕೋ’ ಚಿತ್ರಕ್ಕೂ ಅವರು ಸಂಗೀತ ನೀಡಿದರು. 2010ರಲ್ಲಿ ಬ್ರಿಟನ್ನಿನ ಜೂಲ್ಸ್ ಹಾಲೆಂಡ್ ದೂರದರ್ಶನ ಕಾರ್ಯಕ್ರಮದಲ್ಲಿ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ತಂಡ ಹಾಡಿತು. 2013ರಲ್ಲಿ ‘ಜಗ್ ಚಂಗಾ’ ಪ್ರಕಟವಾಯಿತು. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ನಿಲ್ಲುವ ಅವರ ಚಿತ್ರ ಹೊರನಾಡಿನ ಶ್ರೋತೃಗಳಿಗೆ ಕನ್ನಡದ ಗುರುತಾಯಿತು.

ಅವರ ಹಾಡುಗಳಲ್ಲಿ ಸ್ವಂತ ರಚನೆಗಳ ಜೊತೆಗೆ ಶಿಶುನಾಳ ಶರೀಫರ (1819–1889) ತತ್ವಪದಗಳೂ ಇವೆ. ಮೊದಲ ಧ್ವನಿಸುರುಳಿಯಲ್ಲಿಯೇ ಸೋರುವ ಮಾಳಿಗೆಯ ಪದವೂ ಗುಡುಗುಡಿಯ ಪದವೂ ಸೇರಿದ್ದವು. ಈ ಆಯ್ಕೆ ಆಕಸ್ಮಿಕವಲ್ಲ. ತತ್ವಪದವು ಗಾತ್ರದಲ್ಲಿ ಚಿಕ್ಕದು, ಪಲ್ಲವಿ ಮರುಕಳಿಸುವಂಥದು, ಕೊನೆಯಲ್ಲಿ ಅಂಕಿತವಿರುವುದರಿಂದ ಕರ್ತೃವಿನ ಗುರುತು ಹಾಡಿನೊಳಗೇ ಉಳಿಯುವಂಥದು. ಅದು ನಿಶ್ಚಿತ ಆಚರಣೆಗೆ, ನಿಶ್ಚಿತ ದೈವದ ನೆಲೆಗೆ ಕಟ್ಟುಬಿದ್ದದ್ದೂ ಅಲ್ಲ. ಏಕತಾರಿ, ದಮ್ಮಡಿಗಳೊಡನೆ ಭಜನೆಯ ಮೇಳಗಳಲ್ಲಿ ಅದು ಮೊದಲೇ ಊರೂರು ಸುತ್ತಿತ್ತು. ಸಿ. ಅಶ್ವಥ್ (1939–2009) ಅವರ ರಾಗಸಂಯೋಜನೆಯಿಂದಲೂ ಅವರೇ ಸಂಗೀತ ನೀಡಿದ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದಲೂ ನಗರದ ಮನೆಗಳನ್ನು ತಲುಪಿತ್ತು. ಗಿಟಾರಿಗೆ ಬರುವ ಹೊತ್ತಿಗೆ ಆ ಪದ ನುರಿತ ಪ್ರಯಾಣಿಯಾಗಿತ್ತು.

ಜುಂಜಪ್ಪನ ಕಥನಕ್ಕೆ ಅಂತಹ ಬಿಡುಗಡೆ ಇಲ್ಲ. ಅದಕ್ಕೆ ರಾತ್ರಿ ಬೇಕು, ಹಟ್ಟಿ ಬೇಕು, ಹರಕೆ ಹೊತ್ತ ಒಕ್ಕಲು ಬೇಕು. ಕಲೋತ್ಸವದ ವೇದಿಕೆಯಲ್ಲಿ ತಂಡವೊಂದಕ್ಕೆ ದೊರೆಯುವ ಕೆಲವು ನಿಮಿಷಗಳಲ್ಲಿ ಗಣೆಯ ನಾದ ಕೇಳಿಸಬಹುದು, ಕಥೆ ಕೇಳಿಸಲಾರದು. ಆದ್ದರಿಂದ ಜನಪ್ರಿಯ ಸಂಗೀತವು ಜನಪದವನ್ನು ಕೆಡಿಸಿತೆಂಬ ಆಕ್ಷೇಪವೂ ಉಳಿಸಿತೆಂಬ ಹೊಗಳಿಕೆಯೂ ಅರ್ಧಸತ್ಯಗಳು. ಅದು ಸಾಗಿಸಬಲ್ಲದ್ದನ್ನು ಸಾಗಿಸುತ್ತದೆ, ಉಳಿದುದನ್ನು ಮುಟ್ಟುವುದೇ ಇಲ್ಲ. ರಘು ದೀಕ್ಷಿತ್ ಅವರ ಯಶಸ್ಸು ಶರೀಫರ ಪದಕ್ಕೆ ಹೊಸ ಶ್ರೋತೃಗಳನ್ನು ತಂದಿತು. ಆ ಯಶಸ್ಸನ್ನೇ ಜನಪದದ ಆರೋಗ್ಯದ ಅಳತೆಗೋಲಾಗಿ ಬಳಸಿದರೆ, ಮುಟ್ಟದೆ ಉಳಿದ ಹಾಡು ಸದ್ದಿಲ್ಲದೆ ಮರೆಯಾಗುವುದು ಯಾರ ಗಮನಕ್ಕೂ ಬಾರದು.

ಇಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ನಿದರ್ಶನ ಉಪಯುಕ್ತವಾದುದು. ಅಕ್ಷರ ಕಲಿಯದ ಈ ಕಾಡುಗೊಲ್ಲ ಹಾಡುಗಾರ್ತಿಯ ಅಪಾರ ಪದಸಂಪತ್ತನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿ ಪ್ರಕಟಿಸಿದರು. ವಕ್ತೃವನ್ನು ಕೇವಲ ಆಕರವೆಂದು ಎಣಿಸದೆ, ಬಾಳು ಮತ್ತು ಹಾಡು ಕೂಡಿದ ವ್ಯಕ್ತಿಯೆಂದು ಕಂಡದ್ದು ಆ ಕೆಲಸದ ಹಿರಿಮೆ. ಪಾಪ್ ಗಾಯಕನ ವೃತ್ತಿಜೀವನವನ್ನು ಇಸವಿ ಸಹಿತ ಬರೆಯಲು ಇಂದು ಸಾಧ್ಯವಾಗಿದೆ. ಮಧುಗಿರಿಯ ಅಥವಾ ಪಾವಗಡದ ಗಣೆಗಾರನೊಬ್ಬ ಯಾರಿಂದ ಕಲಿತ, ಯಾವ ಹಟ್ಟಿಗಳಲ್ಲಿ ಹಾಡಿದ, ಯಾರಿಗೆ ಕಲಿಸಿದ ಎಂಬುದನ್ನೂ ಅಷ್ಟೇ ನಿಖರವಾಗಿ ದಾಖಲಿಸುವುದು ಅಗತ್ಯ. ಕಥನವನ್ನು ತುಣುಕಾಗಿಸದೆ ಅದರ ಇಡೀ ರಾತ್ರಿಯ ಸಂದರ್ಭದಲ್ಲಿಯೇ ಧ್ವನಿಮುದ್ರಿಸಿಕೊಳ್ಳುವುದೂ ಅಷ್ಟೇ ಅಗತ್ಯ. ವೇದಿಕೆ ಮಾಡಲಾರದ ಈ ಕೆಲಸ ಅಧ್ಯಯನಕಾರರ ಪಾಲಿನದು.