ಕ್ಯಾನ್ಸರ್ ಗೆದ್ದ ಮಕ್ಕಳು: ಗುಣವಾದ ಮೇಲೂ ಬೇಕು ತಪಾಸಣೆ

ಹುಲಿಗಿ (ಕೊಪ್ಪಳ): ಹುಣ್ಣಿಮೆಯಂದು ಇಲ್ಲಿನ ಹುಲಿಗೆಮ್ಮ ದೇವಿಯ ಸನ್ನಿಧಿಗೆ ಬರುವವರಲ್ಲಿ ಮಕ್ಕಳ ಕಾಯಿಲೆ ವಾಸಿಯಾಗಲೆಂದು ಹರಕೆ ಹೊತ್ತವರೂ ಇರುತ್ತಾರೆ. ಮಗು ಚೇತರಿಸಿಕೊಂಡರೆ ಹರಕೆ ತೀರುತ್ತದೆ. ಆದರೆ ಆ ಕಾಯಿಲೆ ಕ್ಯಾನ್ಸರ್ ಆಗಿದ್ದಲ್ಲಿ ಆಸ್ಪತ್ರೆಯ ನಂಟು ಅಲ್ಲಿಗೇ ಮುಗಿಯದು ಎನ್ನುತ್ತವೆ ವೈದ್ಯಕೀಯ ಸಂಶೋಧನೆಗಳು.

ಈ ಮಾತು ನಮ್ಮ ಭಾಗಕ್ಕೆ ಹೆಚ್ಚು ಅನ್ವಯಿಸುತ್ತದೆ. ಬಡ ಕುಟುಂಬಗಳಿಗೆ ಕ್ಯಾನ್ಸರ್ ಸೇರಿದಂತೆ ಗಂಭೀರ ಕಾಯಿಲೆಗಳಿಗೆ ಉಚಿತ ಚಿಕಿತ್ಸೆ ಒದಗಿಸಿದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಜಾರಿಗೊಂಡದ್ದು ಕೊಪ್ಪಳವನ್ನೂ ಒಳಗೊಂಡ ಅಂದಿನ ಗುಲ್ಬರ್ಗ ವಿಭಾಗದಲ್ಲಿ. 2018ರಲ್ಲಿ ಅದು ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವಿಲೀನವಾಯಿತು. ಆರಂಭದ ವರ್ಷಗಳಲ್ಲಿ ಹತ್ತರ ಹರೆಯದಲ್ಲಿ ಚಿಕಿತ್ಸೆ ಪಡೆದವರು ಈಗ ಇಪ್ಪತ್ತು ದಾಟಿದ್ದಾರೆ. ಚಿಕಿತ್ಸೆಯ ತಡವಾದ ಪರಿಣಾಮಗಳು ಅನೇಕ ವೇಳೆ ತಲೆದೋರುವುದು ಈ ವಯಸ್ಸಿನಲ್ಲಿ ಮತ್ತು ಆ ಬಳಿಕವೇ.

ಅಧ್ಯಯನ ಹೇಳುವುದೇನು?

ಶ್ರೀಮಂತ ರಾಷ್ಟ್ರಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಹೀಗೆ ಬದುಕುಳಿದವರ ಆರೋಗ್ಯವನ್ನು ಅರಿಯಲು ಅಮೆರಿಕದಲ್ಲಿ 1994ರಲ್ಲಿ ದೀರ್ಘಾವಧಿ ಅಧ್ಯಯನವೊಂದು ಆರಂಭವಾಯಿತು. 1970ರಿಂದ 1986ರ ನಡುವೆ ಕ್ಯಾನ್ಸರ್ ಪತ್ತೆಯಾಗಿದ್ದ 10,397 ಮಂದಿಯನ್ನು ಪರಿಶೀಲಿಸಿದ ವರದಿ 2006ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 62ರಷ್ಟು ಮಂದಿಗೆ ಕನಿಷ್ಠ ಒಂದು ದೀರ್ಘಕಾಲೀನ ತೊಂದರೆ ಇತ್ತು. ಶೇ 27ಕ್ಕೂ ಹೆಚ್ಚು ಮಂದಿಯಲ್ಲಿ ಅದು ತೀವ್ರ ಅಥವಾ ಪ್ರಾಣಾಪಾಯದ ಸ್ವರೂಪದ್ದಾಗಿತ್ತು.

ಆತಂಕಪಡುವ ಅಗತ್ಯವಿಲ್ಲ. ಈ ಅರಿವಿನಿಂದಲೇ ರಕ್ತ ಕ್ಯಾನ್ಸರಿನ ಮಕ್ಕಳಿಗೆ ತಲೆಯ ಭಾಗಕ್ಕೆ ನೀಡುತ್ತಿದ್ದ ವಿಕಿರಣ ಚಿಕಿತ್ಸೆಯನ್ನು ಬಹುಮಟ್ಟಿಗೆ ಕಡಿಮೆ ಮಾಡಲಾಗಿದೆ. 1990ರ ದಶಕದಲ್ಲಿ ಚಿಕಿತ್ಸೆ ಪಡೆದವರಲ್ಲಿ ತಡವಾದ ಸಾವುಗಳು ಹಿಂದಿಗಿಂತ ಇಳಿದಿರುವುದನ್ನು ಅದೇ ಅಧ್ಯಯನ 2016ರಲ್ಲಿ ದೃಢಪಡಿಸಿತು.

ಕಾರಣವೇನು?

ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಔಷಧ ಮತ್ತು ವಿಕಿರಣ, ಬೆಳೆಯುತ್ತಿರುವ ಅಂಗಗಳನ್ನೂ ಘಾಸಿಗೊಳಿಸಬಲ್ಲವು. ಡಾಕ್ಸೊರುಬಿಸಿನ್ ಗುಂಪಿನ ಔಷಧಗಳು ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಹುದು. ಸಿಸ್‌ಪ್ಲಾಟಿನ್‌ನಿಂದ ಶ್ರವಣಶಕ್ತಿ ಹಾಗೂ ಮೂತ್ರಪಿಂಡಕ್ಕೆ, ಸೈಕ್ಲೋಫಾಸ್ಫಮೈಡ್‌ನಿಂದ ಸಂತಾನಶಕ್ತಿಗೆ ಧಕ್ಕೆಯಾಗಬಹುದು. ಕುತ್ತಿಗೆಗೆ ವಿಕಿರಣ ಪಡೆದವರಿಗೆ ಥೈರಾಯ್ಡ್ ತೊಂದರೆಯೂ, ಎದೆಗೆ ಪಡೆದ ಹೆಣ್ಣುಮಕ್ಕಳಿಗೆ ಮುಂದೆ ಸ್ತನ ಕ್ಯಾನ್ಸರಿನ ಅಪಾಯವೂ ಹೆಚ್ಚು. ಯಾರಿಗೆ ಯಾವ ಅಪಾಯ ಎಂಬುದು ಔಷಧ, ಅದರ ಒಟ್ಟು ಪ್ರಮಾಣ ಹಾಗೂ ಅಂದಿನ ವಯಸ್ಸನ್ನು ಅವಲಂಬಿಸಿದೆ.

ಮನೆಯಲ್ಲಿರಲಿ ದಾಖಲೆ

ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಚಿಕಿತ್ಸೆ ಮುಗಿಸಿದ ಮಕ್ಕಳಿಗಾಗಿಯೇ 1991ರಲ್ಲಿ ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಆದರೆ ಬೆಂಗಳೂರಿನ ಕಿದ್ವಾಯಿಯಲ್ಲೋ ಹುಬ್ಬಳ್ಳಿಯಲ್ಲೋ ಚಿಕಿತ್ಸೆ ಪಡೆದು ಊರಿಗೆ ಮರಳಿದವರು ಹದಿನೈದು ವರ್ಷದ ನಂತರ ಏದುಸಿರು ಬಂದರೆ ಹೋಗುವುದು ಹತ್ತಿರದ ವೈದ್ಯರ ಬಳಿಗೆ. ಹಳೆಯ ಚಿಕಿತ್ಸೆಯ ವಿವರ ಅವರಿಗೆ ತಿಳಿದಿರುವುದಿಲ್ಲ. ಗರ್ಭಿಣಿಯರ ವಿಷಯದಲ್ಲಂತೂ ಇದು ಗಂಭೀರ. ಬಾಲ್ಯದಲ್ಲಿ ಹೃದಯಕ್ಕೆ ತೊಂದರೆ ಕೊಡಬಲ್ಲ ಔಷಧ ಪಡೆದವರು ಗರ್ಭಧಾರಣೆಗೆ ಮೊದಲೇ, ಇಲ್ಲವೇ ಆರಂಭದಲ್ಲಿಯೇ ಹೃದಯ ತಪಾಸಣೆ ಮಾಡಿಸಿಕೊಳ್ಳಬೇಕು.

ಆದ್ದರಿಂದ ಪಾಲಕರು ಗಮನಿಸಬೇಕಾದ ಅಂಶಗಳಿವು:

* ಕಾಯಿಲೆಯ ಹೆಸರು, ಔಷಧಗಳು ಹಾಗೂ ಅವುಗಳ ಒಟ್ಟು ಪ್ರಮಾಣ, ವಿಕಿರಣ ನೀಡಿದ ಭಾಗ, ಶಸ್ತ್ರಚಿಕಿತ್ಸೆ - ಇವಿಷ್ಟೂ ಇರುವ ಸಾರಾಂಶ ಪತ್ರವನ್ನು ಆಸ್ಪತ್ರೆಯಿಂದ ಕೇಳಿ ಪಡೆಯಬೇಕು. ಅಂಕಪಟ್ಟಿಗಳಂತೆಯೇ ಅದನ್ನು ಜೋಪಾನವಾಗಿಡಬೇಕು.
* ಮಕ್ಕಳು ಪ್ರಾಯಕ್ಕೆ ಬಂದಾಗ ಅವರಿಗೇ ವಿಷಯ ತಿಳಿಸಿ ಪತ್ರ ಒಪ್ಪಿಸಬೇಕು.
* ಯಾವ ತಪಾಸಣೆ, ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಬೇಕು.
* ಗುಟ್ಕಾ, ಬೀಡಿ, ಸಿಗರೇಟುಗಳಿಂದ ದೂರವಿರಬೇಕು.

ಮದುವೆಯ ಮಾತುಕತೆಯಲ್ಲಿ ತೊಡಕಾದೀತೆಂಬ ಭಯದಿಂದ ಕೆಲವು ಮನೆಗಳಲ್ಲಿ ಕಾಯಿಲೆಯ ಕಾಗದಗಳನ್ನೇ ಮರೆಮಾಚುವುದುಂಟು. ಕ್ಯಾನ್ಸರ್ ಅಂಟುರೋಗವಲ್ಲ. ಕಣ್ಣಿನ ಕ್ಯಾನ್ಸರಿನಂಥ ಕೆಲವು ವಂಶವಾಹಿ ಬಗೆಗಳನ್ನು ಬಿಟ್ಟರೆ, ಗುಣಮುಖರಾದವರಿಗೆ ಹುಟ್ಟುವ ಮಕ್ಕಳಿಗೆ ಹೆಚ್ಚಿನ ಅಪಾಯವೂ ಇಲ್ಲ. ಕಾಗದ ಬಚ್ಚಿಟ್ಟರೆ ಕಾಯಿಲೆಯ ಗುಟ್ಟು ಉಳಿದೀತು. ಆದರೆ ಮುಂದೊಂದು ದಿನ ಜೀವ ಉಳಿಸಬಹುದಾದ ಮಾಹಿತಿಯೂ ಅದರೊಂದಿಗೇ ಮರೆಯಾಗುತ್ತದೆ.