ಖಲೀಫ ಉಮರ್ ಬಿಟ್ಟುಕೊಟ್ಟ ತೆರಿಗೆ

ಡಮಾಸ್ಕಸ್‌ನ ಉಮಯ್ಯದ್ ವಂಶದ ಖಲೀಫ ಎರಡನೇ ಉಮರ್ ಆಳಿದ್ದು 717ರಿಂದ 720ರವರೆಗೆ, ಎರಡೂವರೆ ವರ್ಷಕ್ಕೂ ಕಡಿಮೆ. ಮುಸ್ಲಿಮೇತರರು ಕೊಡುತ್ತಿದ್ದ ಜೆಜಿಯಾ ತಲೆಗಂದಾಯ ಮತಾಂತರವಾದವರಿಗೆ ತಪ್ಪಬೇಕಿತ್ತು. ಬೊಕ್ಕಸ ಬರಿದಾದೀತೆಂದು ಅಧಿಕಾರಿಗಳು ಮತಾಂತರವಾದ ಅರಬೇತರರಿಂದಲೂ ಅದನ್ನು ವಸೂಲು ಮಾಡುತ್ತಿದ್ದರು. ಉಮರ್ ಇದನ್ನು ನಿಲ್ಲಿಸಲು ಆಜ್ಞಾಪಿಸಿದರು. ಇಂದಿನ ಇರಾನಿನ ಈಶಾನ್ಯಕ್ಕಿದ್ದ ಖುರಾಸಾನ್ ಪ್ರಾಂತದ ಅಧಿಕಾರಿ ಜರ್ರಾಹ್, ಹೊಸಬರ ನಂಬಿಕೆ ನಿಜವೇ ಎಂದು ತಿಳಿಯಲು ಸುನ್ನತ್ ಪರೀಕ್ಷೆಗೆ ಹೊರಟ. (ತೆರಿಗೆ ಅಧಿಕಾರಿಗಳ ಬುದ್ಧಿ ಎಲ್ಲ ಕಾಲಕ್ಕೂ ಒಂದೇ ಇರಬೇಕು!) ಪರೀಕ್ಷೆಗೆ ತಡೆ ಬಿತ್ತು, ಕೊನೆಗೆ ಹುದ್ದೆಯೂ ಹೋಯಿತು.

ನಲವತ್ತು ತುಂಬುವ ಮುನ್ನವೇ ಉಮರ್ ತೀರಿಕೊಂಡರು. ಹಳೆಯ ವಸೂಲಿ ಮರಳಿತು. ಅದೇ ಖುರಾಸಾನಿನಲ್ಲಿ 747ರಲ್ಲಿ ಎದ್ದ ಬಂಡಾಯ 750ರಲ್ಲಿ ಉಮಯ್ಯದರನ್ನು ಉರುಳಿಸಿತು. ಗೆದ್ದ ಅಬ್ಬಾಸಿಯರು ಉಮಯ್ಯದ್ ಖಲೀಫರ ಗೋರಿಗಳನ್ನು ಅಗೆಸಿದರೂ ಉಮರರ ಗೋರಿಯನ್ನು ಮುಟ್ಟಲಿಲ್ಲವೆಂಬ ಪ್ರತೀತಿ ಇದೆ.