ನಿರಪರಾಧಿಯೂ ಪೋಲೀಸ್ ತನಿಖೆಯೂ

ತಪ್ಪು ಮಾಡದವನಿಗೆ ಭಯವೇಕೆಂಬ ಮಾತು ನಮ್ಮಲ್ಲಿ ರೂಢವಾಗಿದೆ; ಠಾಣೆಯ ಮೆಟ್ಟಿಲು ಹತ್ತುವುದೇ ಬೇಡವೆಂಬ ಮಾತೂ ಅಷ್ಟೇ ರೂಢವಾಗಿದೆ. ಎರಡೂ ಅರ್ಧಸತ್ಯಗಳೇ. ಹಿಂದವಾಡಿಯ ಯಾವುದೋ ಓಣಿಯಲ್ಲಿ ಕಳವಾಗಿ, ಪೋಲೀಸರು ನೆರೆಮನೆಯವರನ್ನು ವಿಚಾರಿಸಲು ಬಂದರೆ, ಏನೂ ಅರಿಯದ ಗೃಹಸ್ಥನು ಹೇಗೆ ನಡೆದುಕೊಳ್ಳತಕ್ಕದ್ದು?

೧-೭-೨೦೨೪ ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೭೯ನೆಯ ಕಲಮಿನಂತೆ, ಪ್ರಕರಣದ ಸಂಗತಿಗಳನ್ನು ಬಲ್ಲವರನ್ನು ತನಿಖಾಧಿಕಾರಿಯು ಲಿಖಿತ ಆದೇಶದಿಂದ ಕರೆಸಬಹುದು. ಕರೆಸಿದಾಗ ಹೋಗಬೇಕಾದುದು ಕರ್ತವ್ಯ. ಆದರೆ ಸ್ತ್ರೀಯರನ್ನೂ ೧೫ ವರ್ಷದೊಳಗಿನ ಬಾಲಕರನ್ನೂ ೬೦ ವರ್ಷ ಮೀರಿದ ಪುರುಷರನ್ನೂ ಅಂಗವಿಕಲರನ್ನೂ ತೀವ್ರ ಅಸ್ವಸ್ಥರನ್ನೂ ಅವರವರ ನಿವಾಸದಲ್ಲಿಯೇ ವಿಚಾರಿಸತಕ್ಕದ್ದು. (ನಮ್ಮ ನಿವೃತ್ತ ಗುರುಗಳಲ್ಲಿ ಬಹುಮಂದಿ ಈ ರಕ್ಷಣೆಗೆ ಪಾತ್ರರು.) ಕೇಳಿದ್ದಕ್ಕೆ ಸತ್ಯವನ್ನೇ ಹೇಳಬೇಕು, ತನ್ನನ್ನೇ ಅಪರಾಧದಲ್ಲಿ ಸಿಲುಕಿಸಬಲ್ಲ ಪ್ರಶ್ನೆಗೆ ಮಾತ್ರ ಉತ್ತರಿಸಬೇಕಾಗಿಲ್ಲ. ಪೋಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿಯನ್ನು ಪಡೆಯುವಂತಿಲ್ಲ. ಪಂಚನಾಮೆಯ ರೀತಿ ಬೇರೆ. ಅದಕ್ಕೆ ಪಂಚರ ಸಹಿಯುಂಟು, ಆದುದರಿಂದ ಪೂರ್ತಿಯಾಗಿ ಓದದೆ ಸಹಿ ಮಾಡಲಾಗದು.

ಜನರ ಸಹಕಾರವಿಲ್ಲದೆ ತನಿಖೆ ಸಾಗದೆಂಬುದು ನಿರ್ವಿವಾದ. ೨೦೧೫ರ ಆಗಸ್ಟ್ ೩೦ರಂದು ಧಾರವಾಡದಲ್ಲಿ ವಚನಸಾಹಿತ್ಯದ ಮಹಾಸಂಶೋಧಕರಾದ ಡಾ. ಎಂ. ಎಂ. ಕಲಬುರ್ಗಿಯವರು ಸ್ವಗೃಹದ ಬಾಗಿಲಲ್ಲಿಯೇ ಗುಂಡಿಗೆ ಬಲಿಯಾದರು. ಅಂಥ ಸಮಯದಲ್ಲಿ ಕಂಡವರು ಕಂಡುದನ್ನು ನುಡಿಯದಿದ್ದರೆ ನ್ಯಾಯವು ಯಾವ ಆಧಾರದ ಮೇಲೆ ನಿಂತೀತು?

ಆದರೂ ಭಯಕ್ಕೆ ಕಾರಣವಿಲ್ಲವೆನ್ನಲಾಗದು. ಕೊಡಗಿನ ಬಡ ಕೂಲಿಕಾರನೊಬ್ಬನು ತನ್ನ ಹೆಂಡತಿ ಕಾಣೆಯಾದಳೆಂದು ತಾನಾಗಿಯೇ ಪೋಲೀಸರಿಗೆ ದೂರಿತ್ತನು. ಬೇರೆಡೆ ದೊರೆತ ಅಸ್ಥಿಪಂಜರವೊಂದು ಆಕೆಯದೇ ಎಂದು ನಿರ್ಣಯಿಸಿ, ೨೦೨೧ರಲ್ಲಿ ಅವನನ್ನೇ ಕೊಲೆಗಾರನೆಂದು ಬಂಧಿಸಲಾಯಿತು. ಡಿ.ಎನ್.ಎ. ಪರೀಕ್ಷೆಯು ಆ ನಿರ್ಣಯವನ್ನು ಸಮರ್ಥಿಸಲಿಲ್ಲ. ಒಂದು ವರ್ಷಕ್ಕೂ ಮೀರಿ ಅವನು ಸೆರೆಮನೆಯಲ್ಲಿದ್ದನು. ೨೦೨೫ರ ಏಪ್ರಿಲ್‌ನಲ್ಲಿ ಆ ಹೆಂಗಸು ಮಡಿಕೇರಿಯಲ್ಲಿ ಜೀವಂತಳಾಗಿ ಕಾಣಿಸಿಕೊಂಡಳು! ಮೈಸೂರಿನ ನ್ಯಾಯಾಲಯವು ಅವನನ್ನು ದೋಷಮುಕ್ತಗೊಳಿಸಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆಜ್ಞಾಪಿಸಿತು. ಸೆರೆಯಲ್ಲಿ ಕಳೆದ ದಿನಗಳಿಗೆ ಇದೆಂಥ ಬೆಲೆ! ಅವನು ದೂರು ಕೊಟ್ಟುದರಲ್ಲಿ ತಪ್ಪಿರಲಿಲ್ಲ. ತನಿಖೆಯ ಅವಸರಕ್ಕೆ ತಡೆಯೊಡ್ಡುವ ವಕೀಲರು ಮೊದಲ ದಿನವೇ ಅಂಥ ಬಡವನ ಪಕ್ಕದಲ್ಲಿ ಇರಬೇಕಾಗಿತ್ತು.

ಇಂಥ ರಕ್ಷಣೆಯ ಒಂದು ಮುಖ್ಯ ತೀರ್ಪು ನಮ್ಮ ರಾಜ್ಯದ ಹೆಸರಿನಲ್ಲಿಯೇ ಇದೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ೨೦೧೦ರ ಮೇ ೫ರಂದು, ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಮುಂತಾದವುಗಳನ್ನು ಯಾರ ಮೇಲೂ ಬಲಾತ್ಕಾರದಿಂದ ನಡೆಸಕೂಡದೆಂದು ವಿಧಿಸಿತು. ನಿರಪರಾಧಿಯೊಬ್ಬನು ಇವುಗಳನ್ನು ನಿರಾಕರಿಸಿದರೆ ಅದು ಅಸಹಕಾರವೆನಿಸದು.

ಕೊನೆಯದಾಗಿ ಒಂದು ಭೇದವನ್ನು ಗುರುತಿಸಬೇಕು. ೧೭೯ನೆಯ ಕಲಮಿನ ಕರೆ ಸಾಕ್ಷಿಗೆ ಬರುವಂಥದು. ೩೫(೩)ರ ನೋಟೀಸು ಸಂಶಯಕ್ಕೊಳಗಾದವನಿಗೆ ಬರುವಂಥದು. ಎರಡನೆಯದನ್ನು ಅಲಕ್ಷಿಸಿದರೆ ಬಂಧನವಾಗಬಹುದು. ಪಾಲಿಸಿದವನನ್ನು ಬಂಧಿಸಬೇಕಾದರೆ ಅಧಿಕಾರಿಯು ಕಾರಣವನ್ನು ಬರೆದಿಡಬೇಕಾಗುತ್ತದೆ. ಆ ಕಾಗದ ಕೈಸೇರಿದ ದಿನವೇ ವಕೀಲರನ್ನು ಕಂಡು, ಅವರೊಡನೆಯೇ ಠಾಣೆಗೆ ಹೋಗತಕ್ಕದ್ದು.